ಉಳಿಸಿದ ಒಂದು ದಿನದ ಲೆಕ್ಕ

'ದೇಶ ಸುತ್ತು, ಇಲ್ಲವೇ ಕೋಶ ಓದು' ಎಂದು ಹಿರಿಯರು ಹೇಳಿದ್ದಾರೆ. ಕೋಶ ಓದುವ ಯೋಗ ನಮಗೆ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಅಂದಿನಿಂದ ದೇಲಂಪಾಡಿಯಲ್ಲಿ ಅಡಿಕೆ, ಕಾಳುಮೆಣಸು, ಗೇರುಬೀಜದ ವ್ಯಾಪಾರ. ಓದಿದ್ದೆಲ್ಲ ಖಾತೆ ಪುಸ್ತಕ. ದೇಶ ಸುತ್ತುವ ಯೋಗ ಬಂದದ್ದು ಅರುವತ್ತು ಕಳೆದ ಮೇಲೆ, ಅದೂ ಸೈಕಲ್ಲಿನ ಮೇಲೆ, ಅದೂ ಹಿಮಾಲಯದಲ್ಲಿ. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ಓದುಗರಲ್ಲಿ ಕೆಲವರು ನಗಬಹುದು. ನಗಲಿ. ಆದರೆ ಕೊನೆಯವರೆಗೆ ಓದಬೇಕೆಂದು ವಿನಂತಿ. ಇದು ಗೆದ್ದು ಬಂದವರ ಕತೆಯಲ್ಲ.

ಇನ್ನೊಂದು ಮಾತು. ಅಂಗಡಿಯ ಕಾಗದಪತ್ರಗಳಲ್ಲಿ 'ನಾವು' ಎಂದೇ ಬರೆದು ನಮಗೆ ರೂಢಿ. ಇಲ್ಲಿ ನಾವು ಎಂದರೆ ಕೆಲವೊಮ್ಮೆ ಗೆಳೆಯರು ಐವರು, ಕೆಲವೊಮ್ಮೆ ಇದನ್ನು ಬರೆಯುತ್ತಿರುವ ಒಬ್ಬರೇ. ಹಿರಿಮೆಯ ಮಾತು ಬಂದಲ್ಲಿ ಐವರೆಂದೂ ತಪ್ಪಿನ ಮಾತು ಬಂದಲ್ಲಿ ಒಬ್ಬರೆಂದೂ ತಿಳಿದರೆ ಸಾಕು.

ಸೈಕಲ್ ಮರಳಿ ಮನೆಗೆ ಬಂತು

ಹುಡುಗರಾಗಿದ್ದಾಗ ಬಾಡಿಗೆ ಸೈಕಲ್ಲಿನಲ್ಲಿ ಅಡ್ಡ ಪೆಡಲು ತುಳಿದು ಕಲಿತವರು ನಾವು. ಮುಂದೆ ಸ್ಕೂಟರ್ ಬಂತು, ಜೀಪು ಬಂತು; ಸೈಕಲ್ ಕೊಟ್ಟಿಗೆ ಸೇರಿ ತುಕ್ಕು ಹಿಡಿಯಿತು. ಬೆಳಗಿನಿಂದ ಸಂಜೆಯವರೆಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವರಿಗೆ ಏನೇನು ಬರಬೇಕೋ ಅವೆಲ್ಲ ನಮಗೂ ಬಂದವು. ಮೊದಲು ಹೊಟ್ಟೆ, ಆಮೇಲೆ ಸಕ್ಕರೆ ಕಾಯಿಲೆ. ನಡೆಯಿರಿ ಎಂದು ವೈದ್ಯರು ಹೇಳಿದರು. ನಡೆಯಲು ಬೇಸರವೆಂದಾಗ ನಮ್ಮ ತಂಗಿಯ ಮಗ ಮಂಗಳೂರಿನಿಂದ ಒಂದು ಗೇರಿನ ಸೈಕಲ್ ತಂದುಕೊಟ್ಟ. ದಪ್ಪ ಟಯರು, ಡಿಸ್ಕ್ ಬ್ರೇಕು, ಗುಂಡಿಗೆ ಬಿದ್ದರೂ ಕೈಗೆ ಪೆಟ್ಟು ತಾಗದಂತೆ ಮುಂದೆ ಸ್ಪ್ರಿಂಗಿನ ಫೋರ್ಕು. "ಮಾವ, ಇದು ಗುಡ್ಡ ಹತ್ತುವ ಸೈಕಲ್" ಎಂದ.

ಒಬ್ಬರು ತುಳಿಯುವುದನ್ನು ಕಂಡು ಇನ್ನೊಬ್ಬರು, ಹೀಗೆ ಐವರಾದೆವು. ಸುಳ್ಯದಲ್ಲಿ ಜವಳಿ ಅಂಗಡಿಯಿಟ್ಟ ಶೆಟ್ಟರು, ನಿವೃತ್ತರಾದ ಹೆಡ್‌ಮಾಷ್ಟ್ರು, ತೋಟದ ಭಟ್ಟರು, ನಮ್ಮ ಸೋದರಳಿಯ ಮತ್ತು ನಾವು. ಅಳಿಯನೊಬ್ಬನನ್ನು ಬಿಟ್ಟರೆ ಉಳಿದವರೆಲ್ಲ ಅರುವತ್ತರ ಆಚೀಚೆ. ಭಾನುವಾರ ಬೆಳಗ್ಗೆ ಹೊರಡುವುದು ವಾಡಿಕೆ. ನಮ್ಮ ದೇಲಂಪಾಡಿಯ ಕಡೆ ಕಾಡಾನೆಗಳ ಉಪಟಳವಿರುವುದರಿಂದ ಚೆನ್ನಾಗಿ ಬೆಳಕು ಹರಿಯದೆ ಹೊರಡುವಂತಿಲ್ಲ. ಜಾಲ್ಸೂರಿಗೆ ಹೋಗಿ ಹೆದ್ದಾರಿ ಹಿಡಿದು, ಸುಳ್ಯ ದಾಟಿ, ಪಯಸ್ವಿನಿಯನ್ನು ಆಗಾಗ ಪಕ್ಕದಲ್ಲಿ ಕಾಣುತ್ತ ಸಂಪಾಜೆಯವರೆಗೆ ಸವಾರಿ. ಕಾಲು ಪಳಗಿದ ಮೇಲೆ ಘಾಟಿ ಹತ್ತಿ ಮಡಿಕೇರಿಯನ್ನೂ ಮುಟ್ಟಿದೆವು. ಸುಳ್ಯದಿಂದ ಮಡಿಕೇರಿಗೆ ಐವತ್ತು ಕಿ.ಮೀ.ಗೂ ಮಿಕ್ಕಿದ ದಾರಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಮೊದಲ ಸಲ ಹತ್ತಿದ ದಿನ ಮಾಷ್ಟ್ರು ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತು, "ನಾನು ಹೆಡ್‌ಮಾಷ್ಟ್ರಾದ ದಿನವೂ ಇಷ್ಟು ಖುಷಿಯಾಗಿರಲಿಲ್ಲ" ಎಂದರು.

ಗುಡ್ಡದ ಸೈಕಲ್ ಹುಟ್ಟಿದ ಬಗೆ

ಈ ಗುಡ್ಡದ ಸೈಕಲ್ಲಿನ ಹುಟ್ಟು ಕೂಡ ಗೆಳೆಯರ ಗುಂಪಿನಿಂದಲೇ ಆದದ್ದು. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಎಂಬ ಜಿಲ್ಲೆಯಲ್ಲಿ 1970ರ ದಶಕದಲ್ಲಿ ಕೆಲವು ಯುವಕರು ಗುಜರಿಗೆ ಬಿದ್ದಿದ್ದ ದಪ್ಪ ಟಯರಿನ ಹಳೆಯ ಸೈಕಲ್ಲುಗಳನ್ನು ತಂದು, ರಿಪೇರಿ ಮಾಡಿ, ಮಣ್ಣಿನ ಗುಡ್ಡದ ದಾರಿಯಲ್ಲಿ ಇಳಿಸುತ್ತಿದ್ದರು. 1976ರಲ್ಲಿ ಪಂದ್ಯವನ್ನೂ ಆರಂಭಿಸಿದರು. ಆ ಇಳಿಜಾರಿಗೆ ರಿಪ್ಯಾಕ್ ಎಂಬ ಹೆಸರು ಬಿತ್ತು. ಒಂದು ಸಲ ಇಳಿದರೆ ಹಿಂದಿನ ಚಕ್ರದ ಬ್ರೇಕಿನೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು; ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕು, ಅದಕ್ಕೆ ಆ ಹೆಸರು. ಅವರಲ್ಲಿ ಜೋ ಬ್ರೀಜ್ ಎಂಬವರು 1977ರಲ್ಲಿ ಇದಕ್ಕೆಂದೇ ಹೊಸ ಚೌಕಟ್ಟು ಕಟ್ಟಿದರು. ಗ್ಯಾರಿ ಫಿಷರ್ ಮತ್ತು ಚಾರ್ಲಿ ಕೆಲ್ಲಿ ಎಂಬ ಇಬ್ಬರು 1979ರಲ್ಲಿ 'ಮೌಂಟನ್‌ಬೈಕ್ಸ್' ಎಂದು ಹೆಸರಿಟ್ಟು ವ್ಯಾಪಾರವನ್ನೇ ತೆರೆದರು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿಗೆ ಈ ಆಟ ಸೇರಿತು. ಗುಜರಿ ಸರಕಿನಿಂದ ಇಪ್ಪತ್ತು ವರ್ಷಗಳಲ್ಲಿ ಒಲಿಂಪಿಕ್ಸ್! ವ್ಯಾಪಾರಿಗಳಾದ ನಮಗೆ ಇದಕ್ಕಿಂತ ಬೇರೆ ಪಾಠ ಬೇಕೇ?

ಗಲ್ಲಾಪೆಟ್ಟಿಗೆಯ ಮೇಲಿನ ಚಿತ್ರ

ಶೆಟ್ಟರ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮೇಲ್ಗಡೆ ಯಾವುದೋ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಚಿತ್ರವೊಂದನ್ನು ಅಂಟಿಸಿದ್ದಾರೆ. ಎರಡು ಕಡೆ ಹಿಮ, ನಡುವೆ ಕಪ್ಪು ರಸ್ತೆ, ಹಗ್ಗಕ್ಕೆ ಕಟ್ಟಿದ ಬಣ್ಣಬಣ್ಣದ ಬಾವುಟಗಳು. ಕೆಳಗೆ 'ಬಾರಾಲಾಚಾ ಲಾ' ಎಂದಿದೆ. 'ಲಾ' ಎಂದರೆ ಆ ಕಡೆಯ ಭಾಷೆಯಲ್ಲಿ ಬೆಟ್ಟ ದಾಟುವ ಕಣಿವೆಮಾರ್ಗ. ನಮ್ಮ ಲೆಕ್ಕದಲ್ಲಿ ಘಾಟಿಯ ನೆತ್ತಿ ಎನ್ನಿ. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಸುಮಾರು 4,890 ಮೀಟರ್ ಎತ್ತರದಲ್ಲಿದೆ. ನಮ್ಮ ಮಡಿಕೇರಿಯ ನಾಲ್ಕು ಪಾಲಿಗಿಂತಲೂ ಹೆಚ್ಚು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಶೆಟ್ಟರು ಅದನ್ನು ನೋಡುತ್ತ ಕೂರುವುದನ್ನು ನಾವು ಎಷ್ಟೋ ವರ್ಷಗಳಿಂದ ಬಲ್ಲೆವು. ಸಂಪಾಜೆ ಘಾಟಿ ನಾಲ್ಕೈದು ಬಾರಿ ಹತ್ತಿ ಆದ ಮೇಲೆ ಒಂದು ದಿನ ಅವರು ಬೆರಳು ತೋರಿಸಿ, "ಅಲ್ಲಿಗೆ ಒಮ್ಮೆ ಹೋಗುವಾ" ಎಂದರು.

2022ರ ಜೂನ್ ತಿಂಗಳೆಂದು ನಿಶ್ಚಯವಾಯಿತು. ಊರಿನಲ್ಲಿ ಮಳೆಗಾಲ, ವ್ಯಾಪಾರವೂ ಕಡಿಮೆ. ಲೇಹ್‌ವರೆಗಿನ ಆಸೆ ಇಟ್ಟುಕೊಳ್ಳಲಿಲ್ಲ. ಬಾರಾಲಾಚಾ ಹತ್ತಿ ಅದೇ ದಾರಿಯಲ್ಲಿ ಹಿಂದಿರುಗುವುದು. ವೈದ್ಯರಿಂದ ಹೃದಯ, ರಕ್ತದೊತ್ತಡ, ಸಕ್ಕರೆ ಎಲ್ಲ ನೋಡಿಸಿಕೊಂಡೆವು. ಸೈಕಲ್ಲುಗಳನ್ನು ಬಿಚ್ಚಿ ರಟ್ಟಿನ ಪೆಟ್ಟಿಗೆಗಳಲ್ಲಿ ಕಟ್ಟಿ ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ದಿಲ್ಲಿಗೆ, ಅಲ್ಲಿಂದ ಬಸ್ಸಿನಲ್ಲಿ ಮನಾಲಿಗೆ.

ನಮ್ಮ ಮನೆಯವರಿಗೆ ಇದ್ದದ್ದು ಊಟದ ಚಿಂತೆ. ಕಂದಮೂಲ ಬೇಡ, ಜೇನು ಬೇಡ, ಸೂರ್ಯ ಮುಳುಗಿದ ಮೇಲೆ ಬಾಯಿಗೆ ಏನೂ ಇಲ್ಲ. ಇವೆಲ್ಲ ನಡೆದೀತೇ? ನಡೆಯಿತು. ಅವಲಕ್ಕಿ, ಹುರಿಹಿಟ್ಟು, ಬೆಲ್ಲ, ಗೋಡಂಬಿ, ಒಣದ್ರಾಕ್ಷಿ, ಚಟ್ನಿಪುಡಿ ಕಟ್ಟಿಕೊಟ್ಟರು. ದಾರಿಯ ಢಾಬಾಗಳಲ್ಲಿ ಅನ್ನ, ಬೇಳೆ, ರೊಟ್ಟಿ ಸಿಗುತ್ತದೆ. ಬಟಾಟೆ, ನೀರುಳ್ಳಿ ಬೇಡವೆಂದು ಮೊದಲೇ ಹೇಳಿದರೆ ಹಾಕುವುದಿಲ್ಲ. ನೀರನ್ನು ಸೋಸಿ, ಕಾಯಿಸಿ ಕುಡಿಯುವ ನಮ್ಮ ರೂಢಿ ಅಲ್ಲಿ ಉಳಿದ ನಾಲ್ವರಿಗೂ ಉಪಕಾರವಾಯಿತು. ಜೂನಿನಲ್ಲಿ ಆ ಕಡೆ ಸೂರ್ಯಾಸ್ತ ಸಂಜೆ ಏಳೂವರೆಯ ಸುಮಾರಿಗೆ. ಹಾಗಾಗಿ ವ್ರತ ಕಷ್ಟವೆನಿಸಲಿಲ್ಲ. ಆ ವ್ರತವನ್ನೇ ನಾವು ಹೇಗೆ ದುರುಪಯೋಗ ಮಾಡಿದೆವೆಂಬುದನ್ನು ಮುಂದೆ ಹೇಳುತ್ತೇವೆ.

ರೋಹ್ತಾಂಗಿನಿಂದ ಜಿಸ್ಪಾದವರೆಗೆ

ಮನಾಲಿಯಲ್ಲಿ ಎರಡು ದಿನ ನಿಂತೆವು. ದೇಹಕ್ಕೆ ಎತ್ತರ ಅಭ್ಯಾಸವಾಗಬೇಕು. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ಒಂದೊಂದು ಉಸಿರಿಗೆ ಸಿಗುವ ಪ್ರಾಣವಾಯುವೂ ಕಡಿಮೆಯಾಗುತ್ತದೆ. ಐದು ಸಾವಿರ ಮೀಟರಿಗೆ ಹೋದರೆ ಕಡಲ ತೀರದಲ್ಲಿ ಸಿಗುವುದರ ಅರ್ಧದಷ್ಟೇ ಎನ್ನಬಹುದು. ಮೂರು ಸಾವಿರ ಮೀಟರ್ ದಾಟಿದ ಮೇಲೆ, ಮಲಗುವ ಜಾಗ ಹಿಂದಿನ ರಾತ್ರಿಯದಕ್ಕಿಂತ ಸುಮಾರು 500 ಮೀಟರಿಗಿಂತ ಹೆಚ್ಚು ಎತ್ತರವಿರಬಾರದೆಂಬುದು ತಿಳಿದವರ ನಿಯಮ. ಈ ನಿಯಮವನ್ನು ನಮ್ಮ ಅಳಿಯ ಚೀಟಿಯಲ್ಲಿ ಬರೆದು ಎಲ್ಲರ ಕಿಸೆಗೂ ಹಾಕಿದ್ದ.

ಮಢಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ 3,978 ಮೀಟರಿನ ರೋಹ್ತಾಂಗ್ ಹತ್ತಿ ಆಚೆ ಲಾಹೌಲ್‌ಗೆ ಇಳಿದೆವು. 2020ರ ಅಕ್ಟೋಬರ್ 3ರಂದು ಒಂಬತ್ತು ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ಲೇಹ್ ಕಡೆಯ ಲಾರಿಗಳು ಅದರೊಳಗಿಂದ ಹೋಗುತ್ತವೆ. ಹಳೆಯ ದಾರಿಯಲ್ಲಿ ಸೈಕಲ್ಲಿನವರಿಗೆ ಆ ಮಟ್ಟಿಗೆ ನೆಮ್ಮದಿ. ಈಚೆ ಬದಿ ಮರ, ಹಸುರು, ಮಂಜು. ಆಚೆ ಇಳಿದಂತೆ ಒಣ ಕಲ್ಲು, ಬಿಸಿಲು, ನೀಲಿ ಆಕಾಶ. ಒಂದು ಬೆಟ್ಟದ ಎರಡು ಬದಿಗೆ ಎರಡು ದೇಶವಿದ್ದಂತೆ.

ತಾಂಡಿ ಎಂಬಲ್ಲಿ ಚಂದ್ರಾ ಮತ್ತು ಭಾಗಾ ನದಿಗಳು ಕೂಡುತ್ತವೆ. ಎರಡೂ ಹುಟ್ಟುವುದು ಬಾರಾಲಾಚಾದ ಆಸುಪಾಸಿನಲ್ಲೇ. ಬೇರೆ ಬೇರೆ ದಿಕ್ಕಿಗೆ ಇಳಿದು, ಬೆಟ್ಟ ಸುತ್ತಿ, ಇಲ್ಲಿ ಮತ್ತೆ ಸೇರಿ ಚಂದ್ರಭಾಗಾ ಆಗುತ್ತವೆ. ಮುಂದೆ ಅದೇ ಚಿನಾಬ್. ಪಾಲಾಗಿ ಹೋದ ಅಣ್ಣತಮ್ಮಂದಿರು ಮತ್ತೆ ಒಂದೇ ಅಂಗಡಿಯಲ್ಲಿ ಕೂತಂತೆ ಎಂದು ಭಟ್ಟರು ನಗಾಡಿದರು.

ಕೇಲಾಂಗಿನಲ್ಲಿ ಒಂದು ರಾತ್ರಿ, ಸುಮಾರು 3,200 ಮೀಟರಿನ ಜಿಸ್ಪಾದಲ್ಲಿ ಎರಡು ರಾತ್ರಿ. ದಾರಿಯ ತೊರೆಗಳನ್ನು ಬೆಳಗ್ಗೆ ಬೇಗ ದಾಟಿಬಿಡಬೇಕು. ನಮ್ಮ ಪಯಸ್ವಿನಿ ಮಳೆ ನೋಡಿ ಏರುತ್ತಾಳೆ. ಅಲ್ಲಿಯ ತೊರೆಗಳು ಬಿಸಿಲು ನೋಡಿ ಏರುತ್ತವೆ. ಮಧ್ಯಾಹ್ನಕ್ಕೆ ಹಿಮ ಕರಗಿ, ಬೆಳಗ್ಗೆ ಪಾದ ಮುಳುಗುತ್ತಿದ್ದಲ್ಲಿ ಮೊಣಕಾಲು ಮುಳುಗುತ್ತದೆ. ಅಲ್ಲಿಯವರೆಗೆ ಯಾರಿಗೂ ಏನೂ ತೊಂದರೆಯಿಲ್ಲ. ನಮಗಂತೂ ಇಪ್ಪತ್ತರ ಹುಡುಗರಾದಂತೆ ಅನಿಸಿತ್ತು.

ಒಂದು ದಿನ ಉಳಿಸಿದ್ದು

ಜಿಸ್ಪಾದಿಂದ ಮುಂದೆ ಪಟ್ಸಿಯೋದಲ್ಲಿ ಒಂದು ರಾತ್ರಿ, ಮರುದಿನ ಜಿಂಗ್‌ಜಿಂಗ್‌ಬಾರಿನಲ್ಲಿ ಒಂದು ರಾತ್ರಿ, ಆಮೇಲೆ ಬಾರಾಲಾಚಾ ಎಂದು ಮೊದಲೇ ಬರೆದುಕೊಂಡಿದ್ದೆವು. ಆದರೆ ತಿಂಗಳ ಮೊದಲನೇ ತಾರೀಕಿಗೆ ಅಂಗಡಿಯಲ್ಲಿರಬೇಕೆಂಬ ಹಟ ನಮ್ಮದು. "ಪಟ್ಸಿಯೋದಲ್ಲಿ ಎಂತಕ್ಕೆ ಸುಮ್ಮನೆ ಮಲಗುವುದು? ಒಂದು ದಿನ ಉಳಿಯುತ್ತದೆ" ಎಂದು ಹೇಳಿದವರು ನಾವೇ. ಅಳಿಯ ಕಿಸೆಯಿಂದ ಚೀಟಿ ತೆಗೆದ. ಜಿಸ್ಪಾದಿಂದ ಜಿಂಗ್‌ಜಿಂಗ್‌ಬಾರಿಗೆ ಒಂದೇ ದಿನದಲ್ಲಿ ಸಾವಿರ ಮೀಟರ್ ಏರಿಕೆ, ನಿಯಮದ ಇಮ್ಮಡಿ. "ನಮಗೆ ಎಂತದೂ ಆಗಲಿಲ್ಲವಲ್ಲ ಇಷ್ಟರವರೆಗೆ" ಎಂದು ನಾವು ಅವನ ಬಾಯಿ ಮುಚ್ಚಿಸಿದೆವು. ಹಿರಿಯರ ಮಾತಿಗೆ ಅವನು ಎದುರಾಡಲಿಲ್ಲ. ಈಗ ನೆನೆದರೆ, ಎದುರಾಡಬೇಕಿತ್ತು ಅನಿಸುತ್ತದೆ.

ಮೂವತ್ತು ಕಿ.ಮೀ.ಗೂ ಹೆಚ್ಚಿನ ಏರುದಾರಿ ತುಳಿದು ಸಂಜೆ ಐದಕ್ಕೆ ಜಿಂಗ್‌ಜಿಂಗ್‌ಬಾರಿನ ಡೇರೆ ಸೇರಿದೆವು. ಎತ್ತರ ಸುಮಾರು 4,270 ಮೀಟರ್. ತಲೆ ಸಿಡಿಯುತ್ತಿತ್ತು. ಡೇರೆಯವರು ಕುಕ್ಕರಿನಲ್ಲಿ ಅನ್ನ ಬೇಯಿಸುತ್ತಿದ್ದರು. ಅದರ ವಾಸನೆಗೇ ಹೊಟ್ಟೆ ತೊಳಸಿತು. ಹಸಿವಿಲ್ಲದಿರುವುದು, ತಲೆನೋವು, ವಾಕರಿಕೆ, ಎಲ್ಲ ಚೀಟಿಯಲ್ಲಿ ಬರೆದದ್ದೇ. ಹೇಳಿದರೆ ಮರುದಿನ ಮೇಲೆ ಬಿಡುವುದಿಲ್ಲ. ಒಂದು ದಿನ ಉಳಿಸಿದವರೇ ಎರಡು ದಿನ ಕಳೆಸಿದಂತಾಗುತ್ತದೆ.

ಆಗ ನಾವು ಮಾಡಿದ್ದೇನೆಂದರೆ, ಊಟಕ್ಕೆ ಕರೆದಾಗ, "ಸೂರ್ಯ ಮುಳುಗಿದ, ಇನ್ನು ನಮಗಿಲ್ಲ" ಎಂದುಬಿಟ್ಟೆವು. ಸೂರ್ಯ ಬೆಟ್ಟದ ಮರೆಗೆ ಸರಿದಿದ್ದನೇ ಹೊರತು ಮುಳುಗಿರಲಿಲ್ಲ. ಕೈಗಡಿಯಾರದಲ್ಲಿ ಇನ್ನೂ ಆರು ಗಂಟೆ. ನಮ್ಮ ವ್ರತದ ಮೇಲೆ ಗೆಳೆಯರಿಗೆ ಎಷ್ಟು ಗೌರವವೆಂದರೆ ಯಾರೂ ಮರುಮಾತಾಡಲಿಲ್ಲ. ನಾಲ್ಕು ದಶಕ ತಕ್ಕಡಿ ಹಿಡಿದ ಕೈ ನಮ್ಮದು. ಒಂದು ತೂಕದಲ್ಲೂ ಮೋಸ ಮಾಡಿದವರಲ್ಲ ಎಂಬ ಹೆಮ್ಮೆಯಿತ್ತು. ಆ ಸಂಜೆ ಧರ್ಮವನ್ನೇ ತೂಕದ ಕಲ್ಲು ಮಾಡಿ ಕಡಿಮೆ ತೂಗಿದೆವು.

ಮರಳಿ ಇಳಿದದ್ದು

ರಾತ್ರಿಯಿಡೀ ನಿದ್ರೆಯಿಲ್ಲ. ಬೆಳಗ್ಗೆ "ಹೇಗಿದ್ದೀರಿ?" ಎಂದರೆ "ಫಸ್ಟ್ ಕ್ಲಾಸ್" ಎಂದೆವು. ಅಲ್ಲಿಂದ ಬಾರಾಲಾಚಾ ಇಪ್ಪತ್ತು ಕಿ.ಮೀ.ಗಿಂತಲೂ ಕಡಿಮೆ. ಎಲ್ಲರಿಗಿಂತ ಮುಂದೆ ಶೆಟ್ಟರು; ಅವರ ಬೆನ್ನು ನೋಡಿದರೆ ಮದುವೆ ದಿಬ್ಬಣಕ್ಕೆ ಹೊರಟವರಂತಿತ್ತು. ಅರ್ಧ ದಾರಿಯಾಗುವಷ್ಟರಲ್ಲಿ ನಾವು ಸೈಕಲ್ಲಿನಿಂದ ಇಳಿದು ವಾಂತಿ ಮಾಡಿದೆವು. ಮತ್ತೆ ಹತ್ತಲು ಹೋದರೆ ಪೆಡಲು ಎಲ್ಲಿದೆಯೆಂದು ಕಾಲಿಗೆ ತಿಳಿಯುತ್ತಿರಲಿಲ್ಲ.

ಅಳಿಯ ಓಡಿ ಬಂದ. ರಸ್ತೆಯಲ್ಲಿ ಒಂದು ನೇರ ಗೆರೆ ತೋರಿಸಿ, ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸುತ್ತ ಅದರ ಮೇಲೆ ನಡೆಯಲು ಹೇಳಿದ. ನಾಲ್ಕು ಹೆಜ್ಜೆಗೆ ಕುಡಿದವರಂತೆ ಬದಿಗೆ ವಾಲಿದೆವು. ಎತ್ತರದ ಕಾಯಿಲೆ ಮಿದುಳಿಗೆ ಏರುತ್ತಿದೆ ಎಂಬುದರ ಗುರುತು ಅದು. ಅದಕ್ಕೆ ಮೊದಲ ಮದ್ದು ಒಂದೇ, ತಡಮಾಡದೆ ಕೆಳಗಿಳಿಯುವುದು. ತಡವಾದರೆ ಪ್ರಾಣಕ್ಕೇ ಅಪಾಯ. "ಮಾವ, ನಿನ್ನೆಯಿಂದಲೇ ಇತ್ತಾ?" ಎಂದು ಕೇಳಿದ. ನಾವು ಉತ್ತರ ಕೊಡಲಿಲ್ಲ.

ಭಟ್ಟರು ಹೇಳಿದರು, "ಶೆಟ್ರೆ, ನೀವು ಮಾಷ್ಟ್ರೊಟ್ಟಿಗೆ ಮೇಲೆ ಹೋಗಿ ಬನ್ನಿ. ಇವರನ್ನು ನಾವಿಬ್ಬರು ಇಳಿಸ್ತೇವೆ." ಶೆಟ್ಟರು ಮೇಲಿನ ತಿರುವಿನ ಕಡೆ ಒಮ್ಮೆ ನೋಡಿದರು. ಎಷ್ಟು ಹೊತ್ತು ನೋಡಿದರೋ ತಿಳಿಯದು. ಆಮೇಲೆ ಸೈಕಲ್ ತಿರುಗಿಸಿದರು. "ಇವರಿಗೆ ಎಂತಾದರೂ ಆದರೆ ಮೇಲಿನ ಫೋಟೋ ತೆಗೆದುಕೊಂಡು ನಾನು ಎಂತ ಮಾಡುದು?" ಎಂದರು.

ಕೆಳಗಿಳಿಯುತ್ತಿದ್ದ ಲಾರಿಯೊಂದನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಚಾಲಕ ನಮ್ಮನ್ನು ತನ್ನ ಪಕ್ಕ ಕೂರಿಸಿ, ಐದು ಸೈಕಲ್ಲುಗಳನ್ನೂ ನಾಲ್ವರನ್ನೂ ಹಿಂದೆ ಹಾಕಿಕೊಂಡ. ಹಣ ಕೊಡಹೋದರೆ ಮುಟ್ಟಲಿಲ್ಲ. ಡಾರ್ಚಾ ದಾಟುವಷ್ಟರಲ್ಲಿ ತಲೆ ಸ್ವಲ್ಪ ಹಗುರಾಯಿತು. ಕೇಲಾಂಗಿನಲ್ಲಿ ಒಂದು ರಾತ್ರಿ ಪ್ರಾಣವಾಯುವಿನ ನಳಿಗೆ ಮೂಗಿಗೆ ಹಾಕಿಕೊಂಡು ಮಲಗಿದೆವು. ಮರುದಿನ ಎದ್ದು ಗಂಜಿ ಕುಡಿದೆವು. ನಿನ್ನೆ ರಾತ್ರಿಯೂ ಮೇಲೆಯೇ ಇದ್ದಿದ್ದರೆ ಎಂದು ವೈದ್ಯರನ್ನು ಕೇಳಿದಾಗ ಅವರು ತಲೆ ಅಲ್ಲಾಡಿಸಿದರೇ ಹೊರತು ಬಾಯಿ ತೆರೆಯಲಿಲ್ಲ.

ಕ್ಷಮಾವಾಣಿಯ ದಿನ

ಮುಂದಿನ ವರ್ಷ ಮತ್ತೆ ಹೋಗುವುದೆಂದು ರೈಲಿನಲ್ಲೇ ಮಾತಾಗಿತ್ತು. ಆದರೆ 2023ರಲ್ಲಿ ಶೆಟ್ಟರ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಸಮತಟ್ಟಿನಲ್ಲಿ ನಡೆಯಬಹುದು, ಘಾಟಿಗೆ ಸೈಕಲ್ ತುಳಿಯುವುದು ಬೇಡ ಎಂದರು ವೈದ್ಯರು. ಹಾಗೆ, ಅವರಿಗೆ ಇದ್ದದ್ದು ಒಂದೇ ಅವಕಾಶ. ಅದು ನಮ್ಮಿಂದ ಹೋಯಿತು. ಅಂಗಡಿಯಲ್ಲಿ ಆ ಚಿತ್ರ ಈಗಲೂ ಇದೆ. ಯಾರಾದರೂ ಕೇಳಿದರೆ, "ಆ ಸರಕು ನಮ್ಮ ಅಂಗಡಿಗೆ ಬರಲಿಲ್ಲ" ಎನ್ನುತ್ತಾರೆ.

ಆ ವರ್ಷ ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂತು. ಬಂಧುಬಾಂಧವರಲ್ಲೆಲ್ಲ ವಾಡಿಕೆಯಂತೆ ಕ್ಷಮೆ ಕೇಳಿ ಆಯಿತು. ಆ ಮಾತು ಬಾಯಿಪಾಠವಾಗಿ ಹೋಗಿರುತ್ತದೆಂಬುದನ್ನು ಓದುಗರೂ ಒಪ್ಪಿಯಾರು. ಸಂಜೆ ಶೆಟ್ಟರ ಅಂಗಡಿಗೆ ಹೋದೆವು. ಜಿಂಗ್‌ಜಿಂಗ್‌ಬಾರಿನಲ್ಲಿ ಸೂರ್ಯ ಮುಳುಗಿರಲಿಲ್ಲ, ನಾವು ಸುಳ್ಳು ಹೇಳಿದೆವು ಎಂದು ಒಪ್ಪಿಕೊಂಡೆವು. ಅದನ್ನು ಹೇಳಲು ನಮಗೆ ಒಂದು ವರ್ಷಕ್ಕೂ ಹೆಚ್ಚು ಬೇಕಾಯಿತು.

ಶೆಟ್ಟರು ಮಡಚುತ್ತಿದ್ದ ಸೀರೆಯನ್ನು ಮಡಚಿ ಮುಗಿಸಿದರು. "ನನಗೆ ಗೊತ್ತಿತ್ತು ಮಾರಾಯ್ರೆ. ನನ್ನ ಕೈಯಲ್ಲೂ ವಾಚಿತ್ತಲ್ಲ" ಎಂದರು. ನಾವು ಸುಮ್ಮನೆ ನಿಂತೆವು. "ಕೇಳಿದರೆ ನಿಮ್ಮನ್ನು ಅಲ್ಲೇ ನಿಲ್ಲಿಸಬೇಕಾಗ್ತಿತ್ತು. ನನಗೆ ಮೇಲೆ ಹೋಗ್ಬೇಕಿತ್ತು. ಅದಕ್ಕೆ ಕೇಳಲಿಲ್ಲ. ನೀವು ಕ್ಷಮೆ ಕೇಳುದಾದರೆ ನಾನೂ ಕೇಳ್ಬೇಕು" ಎಂದರು.

ಆ ದಿನ ನಾವಿಬ್ಬರೂ ಬೇರೇನೂ ಮಾತಾಡಲಿಲ್ಲ. ಸೂರ್ಯ ಮುಳುಗುವ ಮೊದಲೇ ಅವರು ಹೋಟೆಲಿನಿಂದ ಎರಡು ಕಾಫಿ ತರಿಸಿದರು.

ಹೊರಡುವವರಿಗೆ ನಾಲ್ಕು ಮಾತು

ನಮ್ಮ ಸಮಾಜದ ಮನೆಗಳಲ್ಲೂ ಈಗ ಮಕ್ಕಳು, ಸೊಸೆಯಂದಿರು, ಅಳಿಯಂದಿರು ಹಿಮಾಲಯಕ್ಕೆ ಹೊರಡುತ್ತಿದ್ದಾರೆ. ಬೇಡವೆನ್ನಬೇಡಿ. ಹೋಗಿ ಬರಲಿ. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕಾಣದ ಎಷ್ಟೋ ಸಂಗತಿ ಅಲ್ಲಿ ಕಾಣುತ್ತದೆ. ಆದರೆ ಕೆಲವು ಮಾತು ನೆನಪಿರಲಿ.

ಎತ್ತರದ ಕಾಯಿಲೆಗೆ ವಯಸ್ಸು, ಶಕ್ತಿ ಎಂಬ ಭೇದವಿಲ್ಲ. ಗಟ್ಟಿಮುಟ್ಟಾದ ಹುಡುಗರಿಗೂ ಬರುತ್ತದೆ. ಹೊರಡುವ ಮೊದಲು ವೈದ್ಯರನ್ನು ಕಾಣಿರಿ. ಮಾತ್ರೆ ಬೇಕೇ ಬೇಡವೇ ಎಂಬುದನ್ನು ಅವರೇ ಹೇಳಲಿ. ಪ್ರಯಾಣದ ಪಟ್ಟಿಯಲ್ಲಿ ಎರಡು ದಿನ ಖಾಲಿ ಬಿಡಿ, ಅವನ್ನು ಲಾಭದ ಖಾತೆಗೆ ಸೇರಿಸಬೇಡಿ. ತಲೆನೋವಿದ್ದರೆ ಮೇಲೆ ಹೋಗಬೇಡಿ, ಹೆಚ್ಚಾದರೆ ಕೆಳಗಿಳಿಯಿರಿ. ಗುಂಪಿನ ಕಿರಿಯರು ನಿಯಮ ಹೇಳಿದರೆ ಹಿರಿಯರು ಬಾಯಿ ಮುಚ್ಚಿಸಬೇಡಿ. ಗೆಳೆಯರಲ್ಲೊಬ್ಬರು ಊಟ ಬೇಡವೆಂದರೆ ಯಾಕೆಂದು ಎರಡು ಸಲ ಕೇಳಿ, ವ್ರತವೆಂದರೂ ಕೇಳಿ.

ಈಗಲೂ ನಾವು ಭಾನುವಾರ ಸಂಪಾಜೆಯ ಕಡೆ ಹೋಗುತ್ತೇವೆ. ನಿಧಾನ ತುಳಿಯುವವರು ಎಲ್ಲರಿಗಿಂತ ಮುಂದೆ, ಉಳಿದವರು ಅವರ ಹಿಂದೆ. ಹೊರಡುವ ಮೊದಲು ರಾತ್ರಿ ನಿದ್ರೆ ಬಂತೇ, ಬೆಳಗ್ಗೆ ಹಸಿವಾಯಿತೇ, ಎಲ್ಲಿ ನೋವಿದೆ ಎಂದು ಒಬ್ಬೊಬ್ಬರೂ ಬಾಯಿಬಿಟ್ಟು ಹೇಳಬೇಕು. ಮಾಷ್ಟ್ರು ಹಾಜರಿ ಕರೆದಂತೆ ಕರೆಯುತ್ತಾರೆ. ಶೆಟ್ಟರು ನೀರು, ಅವಲಕ್ಕಿ ತುಂಬಿಕೊಂಡು ಜೀಪಿನಲ್ಲಿ ಹಿಂದಿನಿಂದ ಬರುತ್ತಾರೆ. ನಮ್ಮ ಸರದಿ ಬಂದಾಗ ಅವರು ಜೀಪಿನ ಕಿಟಕಿಯಿಂದ ತಲೆ ಹೊರಹಾಕಿ, ನಾವು ಹೇಳುವುದನ್ನು ಕೇಳಿಯೇ ಇಂಜಿನು ಚಾಲೂ ಮಾಡುತ್ತಾರೆ.